ಸೆಕೆಂಡ್ ಹ್ಯಾಂಡ್ ಡಬ್ಬಿ, ಫಸ್ಟ್ ಕ್ಲಾಸ್ ಹಾಡು!

ಸಿನಿಮಾ ಹುಚ್ಚಿರುವ ಯಾರನ್ನೇ ಕೇಳಿ, 24 ಅನ್ನುವ ಅಂಕಿ ಗೊತ್ತಿರುತ್ತೆ. ಸೆಕೆಂಡಿಗೆ 24 ಚಿತ್ರ! ಪರದೆಯ ಮೇಲೆ ಓಡುವುದು ಹೀರೋ ಅಲ್ಲ ಸ್ವಾಮಿ, ಒಂದರ ಹಿಂದೊಂದು ಬಂದು ನಿಂತು ಹೋಗುವ ಫೋಟೋಗಳು. ಅವುಗಳನ್ನು ಓಡಿಸುವುದು ನಮ್ಮ ಕಣ್ಣು. ಇಷ್ಟು ಎಲ್ಲರಿಗೂ ಗೊತ್ತು. ಆದರೆ 44,100 ಅನ್ನುವ ಅಂಕಿ ಯಾವುದಪ್ಪಾ ಅಂತ ಕೇಳಿದರೆ ಗಾಂಧಿನಗರದ ಘಟಾನುಘಟಿಗಳೂ ಒಂದು ಕ್ಷಣ ತಲೆ ಕೆರೆದುಕೊಳ್ಳಬಹುದು.

ಅದು ಸಿ.ಡಿ.ಯ ಅಂಕಿ. ಹಾಡನ್ನು ಸೆಕೆಂಡಿಗೆ 44,100 ಸಲ ಅಳೆಯುತ್ತಾರೆ. ಒಂದೊಂದು ಅಳತೆಗೂ 65,536 ಮೆಟ್ಟಿಲುಗಳಲ್ಲಿ ಒಂದು ಮೆಟ್ಟಿಲು. ಎಡಗಡೆಗೆ ಬೇರೆ, ಬಲಗಡೆಗೆ ಬೇರೆ. ಅಂದ್ರೆ ಆ ಮಿರಮಿರ ಮಿಂಚುವ ತಟ್ಟೆಯಲ್ಲಿ ಪಿ.ಬಿ. ಶ್ರೀನಿವಾಸರೂ ಇಲ್ಲ, ಎಸ್. ಜಾನಕಿಯವರೂ ಇಲ್ಲ. ಇರೋದು ಬರೀ ಲೆಕ್ಕ! ಆ ಲೆಕ್ಕವನ್ನು ಮತ್ತೆ ಕರೆಂಟಿನ ಅಲೆಯಾಗಿಸಿ, ಆಂಪ್ಲಿಫೈಯರಿಗೆ ಅರ್ಥವಾಗುವ ಹಾಗೆ ಕೊಡುವ ದುಭಾಷಿಯೇ ಡಿಜಿಟಲ್-ಟು-ಅನಲಾಗ್ ಕನ್ವರ್ಟರ್. ಪ್ರೀತಿಯಿಂದ ಕರೆಯೋ ಹೆಸರು ಡ್ಯಾಕ್. ನಿಮ್ಮ ಫೋನಿನೊಳಗೆ ಒಂದಿದೆ, ಟಿ.ವಿ.ಯೊಳಗೆ ಒಂದಿದೆ, ಸಿ.ಡಿ. ಪ್ಲೇಯರಿನೊಳಗೂ ಒಂದಿದೆ. ಅದನ್ನೇ ಬೇರೆ ಡಬ್ಬಿಯಲ್ಲಿ ಹಾಕಿ ಮಾರುವುದೂ ಉಂಟು. ಅಂಥ ಒಂದು ಡಬ್ಬಿಯನ್ನು ಸೆಕೆಂಡ್ ಹ್ಯಾಂಡಿನಲ್ಲಿ ಹುಡುಕಿ ತಂದ ಕಥೆ ಇದು.

ಬಸ್ಸಿನಲ್ಲಿ ಕೂತು ಓದೋದಕ್ಕೆ ಇದೆಂಥ ಸಬ್ಜೆಕ್ಟು ಅಂತ ಪುಟ ಮಗುಚಬೇಡಿ ಗೆಳೆಯರೇ. ಇದರಲ್ಲಿ ಹಾಡಿದೆ, ಸಸ್ಪೆನ್ಸ್ ಇದೆ, ವೇಷ ಮರೆಸಿಕೊಂಡ ವಿಲನ್ನೂ ಇದ್ದಾನೆ. ಫೈಟಿಂಗ್ ಮಾತ್ರ ಇಲ್ಲ. ಅದರ ಬದಲು ಚೌಕಾಸಿ ಇದೆ!

ಕ್ಯಾಬಿನ್ನಿನ ಕಿವಿ

ನಮ್ಮೂರು ಚಿತ್ರದುರ್ಗ. 1972ರ 'ನಾಗರಹಾವು' ನೋಡಿದವರಿಗೆ ನಮ್ಮೂರ ಕೋಟೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ನಮ್ಮಪ್ಪ ಇಲ್ಲಿಯ ಒಂದು ಟಾಕೀಸಿನಲ್ಲಿ 1979ರಿಂದ 2008ರವರೆಗೆ ಪ್ರೊಜೆಕ್ಟರ್ ಓಡಿಸಿದವರು. ಟಾಕೀಸು ಮುಚ್ಚಿ ಕಲ್ಯಾಣ ಮಂಟಪವಾಯಿತು, ಅಪ್ಪ ಮನೆಗೆ ಬಂದರು.

ಆಪರೇಟರ್ ಅಂದ್ರೆ ದಿನಾ ನಾಲ್ಕು ಆಟ ಪುಕ್ಕಟೆ ಸಿನಿಮಾ ನೋಡೋ ಭಾಗ್ಯವಂತ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಆದರೆ ಅವರು ಸಿನಿಮಾವನ್ನು 'ಕೇಳಿದ್ದು' ಹೇಗೆ ಗೊತ್ತಾ? ಹಾಲಿಗೂ ಅವರಿಗೂ ನಡುವೆ ಗೋಡೆ, ಗೋಡೆಯಲ್ಲಿ ಅಂಗೈಯಗಲದ ಗಾಜು. ಫಿಲ್ಮಿನ ಅಂಚಿನಲ್ಲಿ ಸಣ್ಣ ಗೆರೆಯಾಗಿ ಅಚ್ಚಾದ ಧ್ವನಿ, ಅದರ ಮೂಲಕ ಹಾದು ಬರುವ ದೀಪದ ಬೆಳಕು, ಆ ಬೆಳಕಿನ ಏರಿಳಿತವನ್ನು ಕರೆಂಟು ಮಾಡುವ ಫೋಟೋ ಸೆಲ್ಲು. ಆ ಧ್ವನಿಯೆಲ್ಲ ಗೋಡೆಯಾಚೆಗಿನ ಹಾಲಿನ ಪಾಲು. ಕ್ಯಾಬಿನ್ನಿಗೆ ದಕ್ಕುವುದು ಒಂದು ಪುಟ್ಟ ಮಾನಿಟರ್ ಸ್ಪೀಕರ್. ಅದರ ಪಕ್ಕದಲ್ಲೇ ಎರಡು ಪ್ರೊಜೆಕ್ಟರಿನ ಕಟಕಟ, ಕಾರ್ಬನ್ನಿನ ಹೊಗೆ ಎಳೆಯುವ ಫ್ಯಾನಿನ ಮೊರೆತ. ನೂರು ದಿನ ಓಡಿದ ಚಿತ್ರದ ಹಾಡನ್ನು ನಾನೂರು ಸಲ ಓಡಿಸಿಯೂ ಅದರಲ್ಲಿ ಕೊಳಲು ಇದೆಯೋ ಪಿಟೀಲು ಇದೆಯೋ ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ!

2001ರಲ್ಲಿ ಅಪ್ಪ ಒಂದು ಸಿ.ಡಿ. ಪ್ಲೇಯರ್, ಒಂದು ಆಂಪ್ಲಿಫೈಯರ್, ಎರಡು ಸ್ಪೀಕರ್ ತಂದರು. ಅಮ್ಮ ಮೂರು ದಿನ ಮಾತು ಬಿಟ್ಟರು, ಆ ಮಾತು ಬೇರೆ. ಮೊದಲ ರಾತ್ರಿಯೇ 'ಎರಡು ಕನಸು' ಹಾಡುಗಳನ್ನು ಹಾಕಿ, "ಲೇ, ಇದರಲ್ಲಿ ಇಷ್ಟೆಲ್ಲಾ ಇತ್ತೇನೋ!" ಅಂತ ನನ್ನನ್ನು ನಿದ್ದೆಯಿಂದ ಎಬ್ಬಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ಸಿ.ಡಿ. ಕೊಳ್ಳುವ ಚಟ ಅಂಟಿತು. ಒಟ್ಟು 140 ತಟ್ಟೆಗಳು. ರಾಜನ್-ನಾಗೇಂದ್ರ, ವಿಜಯಭಾಸ್ಕರ್, ಜಿ.ಕೆ. ವೆಂಕಟೇಶ್, ಇಳಯರಾಜಾ, ಹಂಸಲೇಖ... ಯಾರನ್ನೂ ಬಿಟ್ಟಿಲ್ಲ.

2016ರಲ್ಲಿ ಅಪ್ಪನಿಗೆ ಗ್ಲಾಕೋಮಾ ಅಂತ ಗೊತ್ತಾಯಿತು. 2019ರ ಹೊತ್ತಿಗೆ ಎರಡು ಕಣ್ಣೂ ಹೋದವು. ಟಿ.ವಿ. ಇಲ್ಲ, ಪೇಪರ್ ಇಲ್ಲ. ಉಳಿದದ್ದು ಆ 140 ತಟ್ಟೆ. ಸಂಜೆ ಆರಕ್ಕೆ ಒಂದು ತಟ್ಟೆ ಹಾಕಿಸಿಕೊಂಡು, "ಈಗ ಮೂರನೇ ರೀಲು... ಬಲಗಡೆ ಮೂಲೆಯಲ್ಲಿ ಚುಕ್ಕಿ ಬರುತ್ತೆ... ಚೇಂಜ್ ಓವರ್!" ಅಂತ ಕೈ ಆಡಿಸುತ್ತಾ ಕೂರೋರು. ಕಣ್ಣಿಲ್ಲದೆಯೂ ಒಂದೊಂದು ಸಂಜೆ ಒಂದೊಂದು ಆಟ ನಡೆಸುತ್ತಿದ್ದರು ಅನ್ನಿ.

ಕಳೆದ ವರ್ಷ ಆ ಪ್ಲೇಯರ್ ಕೈ ಕೊಟ್ಟಿತು. ಬಲಗಡೆ ಧ್ವನಿ ಪೂರ್ತಿ ಬಂದ್. ಎಡಗಡೆ ಹಾಡಿನ ಜೊತೆಗೆ ಗರಗರ. ಎರಡು ದಿನ ಕೇಳಿದ ಅಪ್ಪ ಮೂರನೇ ದಿನ, "ಬೇಡ ಬಿಡೋ. ಮತ್ತೆ ಕ್ಯಾಬಿನ್ನಿಗೇ ಹೋಗಿ ಕೂತ ಹಾಗೆ ಆಗ್ತದೆ" ಅಂದರು. ಆಮೇಲೆ ತಟ್ಟೆ ಕೇಳಲಿಲ್ಲ. ಸಂಜೆ ಆರಕ್ಕೇ ಮಲಗುವುದು ರೂಢಿಯಾಯಿತು. ಕಣ್ಣು ಹೋದಾಗಲೂ ಆ ಮನುಷ್ಯ ಇಷ್ಟು ಸುಮ್ಮನಾಗಿರಲಿಲ್ಲ.

ಹಿಂದುಗಡೆಯ ಕಿತ್ತಳೆ ತೂತು

ರಿಪೇರಿಯವನು ಪ್ಲೇಯರ್ ಬಿಚ್ಚಿ ನೋಡಿದ. "ಲೇಸರ್ ಚೆನ್ನಾಗಿದೆ, ಮೋಟಾರ್ ಚೆನ್ನಾಗಿದೆ. ಲೆಕ್ಕವನ್ನು ಹಾಡು ಮಾಡೋ ಕಡೆ ಚಿಪ್ಪು ಹೋಗಿದೆ. ಈ ಚಿಪ್ಪು ಈಗ ಸಿಗಲ್ಲ" ಅಂದ. ನಾನು ಮುಖ ಸಣ್ಣದು ಮಾಡಿದ್ದು ನೋಡಿ, ಪ್ಲೇಯರನ್ನು ತಿರುಗಿಸಿ ಹಿಂದುಗಡೆ ಇದ್ದ ಒಂದು ಕಿತ್ತಳೆ ಬಣ್ಣದ ತೂತು ತೋರಿಸಿದ. "ಇದು ಜೀವಂತ ಇದೆ ಗುರುವೇ!"

ಅದು ಡಿಜಿಟಲ್ ಔಟ್. ಸೋನಿ ಮತ್ತು ಫಿಲಿಪ್ಸ್ ಕಂಪೆನಿಗಳು ಸೇರಿ ಸಿ.ಡಿ.ಯ ಕಟ್ಟಳೆಗಳನ್ನು 1980ರಲ್ಲಿ ರೂಪಿಸಿದವು. 1982ರ ಅಕ್ಟೋಬರಿನಲ್ಲಿ ಜಪಾನಿನಲ್ಲಿ ಪ್ಲೇಯರ್ ಮಾರಾಟಕ್ಕೂ ಬಂತು. ಲೆಕ್ಕವನ್ನು ಲೆಕ್ಕವಾಗಿಯೇ ಒಂದು ತಂತಿಯಲ್ಲಿ ಹೊರಗೆ ಕಳಿಸುವ ಪದ್ಧತಿಯನ್ನೂ ಅದೇ ಎರಡು ಕಂಪೆನಿಗಳು ಮಾಡಿದವು. ತಂತಿಯಲ್ಲಿ ಹೋದರೆ ಕೋಯಾಕ್ಸಿಯಲ್, ಬೆಳಕಾಗಿ ಹೋದರೆ ಆಪ್ಟಿಕಲ್. ಅಂದ್ರೆ ನಮ್ಮ ಪ್ಲೇಯರ್ ತಟ್ಟೆ ಓದುತ್ತೆ, ಓದಿದ್ದನ್ನು ಹೇಳೋದಕ್ಕೆ ಮಾತ್ರ ಬಾಯಿಲ್ಲ. ಹೊರಗಿನಿಂದ ಒಂದು ಡ್ಯಾಕ್ ತಂದು ಆ ಕಿತ್ತಳೆ ತೂತಿಗೆ ಸಿಕ್ಕಿಸಿದರೆ ಬಾಯಿ ಬರುತ್ತೆ. ಡಬ್ಬಿಂಗ್ ಕಲಾವಿದನ ಹಾಗೆ!

ಮನೆಗೆ ಬಂದು ಅಪ್ಪನಿಗೆ ಇದನ್ನು ವಿವರಿಸೋಕೆ ಹೊರಟರೆ ಅವರು ಅರ್ಧದಲ್ಲೇ ತಡೆದರು. "ಡಿ.ಟಿ.ಎಸ್. ಪೆಟ್ಟಿಗೆ ತಾನೇ? ಗೊತ್ತು ಬಿಡು." ಹೌದಲ್ಲ! 1993ರಲ್ಲಿ 'ಜುರಾಸಿಕ್ ಪಾರ್ಕ್' ಜೊತೆ ಬಂದ ಡಿ.ಟಿ.ಎಸ್. ಇದ್ದದ್ದೇ ಹಾಗೆ. ಫಿಲ್ಮಿನ ಮೇಲೆ ಬರೀ ಗುರುತು, ಧ್ವನಿಯೆಲ್ಲ ಪಕ್ಕದ ಪೆಟ್ಟಿಗೆಯೊಳಗಿನ ಸಿ.ಡಿ.ಯಲ್ಲಿ. ಗುರುತನ್ನು ನೋಡಿಕೊಂಡು ಪೆಟ್ಟಿಗೆ ಧ್ವನಿ ಬಿಡುತ್ತಿತ್ತು. ಅಪ್ಪ ತಮ್ಮ ಕೊನೆಯ ಹತ್ತು ವರ್ಷ ಆ ತಟ್ಟೆಗಳನ್ನು ಹಾಕಿ ತೆಗೆದವರೇ. ಆ ಪೆಟ್ಟಿಗೆಯೊಳಗೂ ಇದ್ದದ್ದು ಡ್ಯಾಕೇ.

ಟಿ.ವಿ.ಗೆ ಹಾಕುವ ಕೆಲವೇ ನೂರು ರೂಪಾಯಿಯ ಪುಟ್ಟ ಕನ್ವರ್ಟರ್ ಸಾಲದೇ ಅಂತ ನೀವು ಕೇಳಬಹುದು. ಗೆಳೆಯನ ಮನೆಯಿಂದ ಒಂದನ್ನು ಕಿತ್ತು ತಂದು ಹಾಕಿ ನೋಡಿದೆ. ಹಾಡು ಬಂತು. ಹಾಡಿನ ಜೊತೆ ಸೊಳ್ಳೆಯೂ ಬಂತು! ಹಾಡು ನಿಂತ ಕಡೆಯೆಲ್ಲ ಗುಂಯ್... ವಾರ್ತೆ ಕೇಳೋದಕ್ಕೆ ಸರಿ. ಕಣ್ಣು ಮುಚ್ಚಿ ಕೂತವರಿಗೆ ಸರಿಯಲ್ಲ. ಒಳ್ಳೆಯ ಹೊಸ ಡ್ಯಾಕ್ ಅಂಗಡಿಯಲ್ಲಿ ಕೇಳಿದರೆ ನನ್ನ ಮೆಡಿಕಲ್ ಸ್ಟೋರ್ ಸಂಬಳ ಒಂದೂವರೆ ತಿಂಗಳದ್ದು. ಕೈಯಲ್ಲಿದ್ದದ್ದು ದೀಪಾವಳಿ ಬೋನಸ್ಸು, ಚೀಟಿ ದುಡ್ಡು ಸೇರಿ ಹತ್ತು ಸಾವಿರ. ಹಾಗಾಗಿ ಸೆಕೆಂಡ್ ಹ್ಯಾಂಡ್ ದಾರಿ ಹಿಡಿದೆ.

ಕಿರೀಟ ತೊಟ್ಟ ಚಿಪ್ಪು

ಮೊದಲ ಫೋನು ಜಯನಗರದ ಒಬ್ಬರಿಗೆ. ಡಬ್ಬಿಯ ಬೆಲೆ 28,000. ಯಾಕ್ರೀ ಅಂದ್ರೆ "ಒಳಗೆ ಕಿರೀಟದ ಚಿಪ್ಪಿದೆ" ಅಂದರು. ಗೆಳೆಯರೇ, ಈ ಕಿರೀಟದ ಕಥೆ ತಿಳಿದಿರಲಿ. 1985ರಲ್ಲಿ ಫಿಲಿಪ್ಸ್ ಕಂಪೆನಿ ಟಿ.ಡಿ.ಎ. 1541 ಅನ್ನುವ 16 ಬಿಟ್ ಚಿಪ್ಪು ತಂದಿತು. ಆಮೇಲೆ 1541ಎ. ಅವುಗಳಲ್ಲಿ ಅಳತೆಗೆ ಹೆಚ್ಚು ಕರಾರುವಾಕ್ಕಾಗಿದ್ದವನ್ನು ಆರಿಸಿ ಮೇಲೆ ಒಂದು ಕಿರೀಟದ ಗುರುತು ಒತ್ತುತ್ತಿದ್ದರು. ಚಿಪ್ಪುಗಳ ರಾಜಕುಮಾರ! ತಯಾರಿಕೆ ನಿಂತು ಬಹಳ ಕಾಲವಾಯಿತು, ಬೇಡಿಕೆ ಮಾತ್ರ ನಿಲ್ಲಲಿಲ್ಲ. ಆಗ ಏನಾಗುತ್ತೆ? ಸಾಮಾನ್ಯ ಚಿಪ್ಪಿನ ಮೈ ಉಜ್ಜಿ, ಮೇಲೆ ಕಿರೀಟ ಅಚ್ಚು ಹಾಕಿ ಮಾರುವವರು ಹುಟ್ಟಿಕೊಂಡರು. ನಾಟಕದ ಕಂಪೆನಿಯಲ್ಲಿ ತಗಡಿನ ಕಿರೀಟ ಹಾಕಿದವರೆಲ್ಲ ಕೃಷ್ಣದೇವರಾಯ ಆಗ್ತಾರಾ?

"ಮುಚ್ಚಳ ತೆಗೆದು ಒಂದು ಫೋಟೋ ಕಳಿಸಿ" ಅಂದೆ. "ತೆಗೆದರೆ ಸೀಲ್ ಹೋಗುತ್ತೆ" ಅಂದರು. ಮೂವತ್ತು ವರ್ಷ ಹಳೆಯ ಡಬ್ಬಿಗೆ ಯಾವ ಸೀಲು ಸ್ವಾಮಿ? ನಮಸ್ಕಾರ ಹೇಳಿ ಫೋನ್ ಇಟ್ಟೆ.

ಎರಡನೆಯದು ಚೆನ್ನೈನಿಂದ. ಜಪಾನಿನ ಮಾಲು, ಬೆಲೆ 8,000, ನೋಡೋದಕ್ಕೆ ಕನ್ನಡಿ ಹಾಗಿದೆ. ಹಿಂದುಗಡೆ ಫೋಟೋ ತರಿಸಿದೆ. ಅಲ್ಲಿ ಸಣ್ಣಕ್ಷರದಲ್ಲಿ 100 ವೋಲ್ಟ್! ಜಪಾನಿನ ಮನೆಗಳ ಕರೆಂಟು 100 ವೋಲ್ಟು, ನಮ್ಮದು 230. ನೇರವಾಗಿ ಸಿಕ್ಕಿಸಿದರೆ ಹಾಡಿನ ಬದಲು ಹೊಗೆ ಕಾಣುತ್ತೆ. ಮಧ್ಯೆ ಒಂದು ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡರೆ ನಡೆಯುತ್ತೆ, ನಿಜ. ಆದರೆ ನಮ್ಮ ಮನೆಯಲ್ಲಿ ಸ್ವಿಚ್ಚು, ಪ್ಲಗ್ಗು ತಡವಿಕೊಂಡು ಹಾಕುವವರು ಕಣ್ಣು ಕಾಣದವರು. ಯಾವತ್ತೋ ಒಂದು ದಿನ ಆ ಪ್ಲಗ್ಗು ನೇರ ಗೋಡೆಗೆ ಹೋಗುತ್ತೆ. ಬೇಡ ಅಂದೆ.

ಮಾರುವವರ ಬಾಯಲ್ಲಿ ಇನ್ನೊಂದು ಮಾತು ಪದೇ ಪದೇ ಬರುತ್ತಿತ್ತು. 2020ರ ಅಕ್ಟೋಬರಿನಲ್ಲಿ ಜಪಾನಿನ ನೊಬೆಯೊಕಾದಲ್ಲಿ ಅಸಾಹಿ ಕಸೈ ಕಂಪೆನಿಯ ಚಿಪ್ ಕಾರ್ಖಾನೆಗೆ ಬೆಂಕಿ ಬಿತ್ತು. ಎಷ್ಟೋ ಡ್ಯಾಕ್ ತಯಾರಕರು ಚಿಪ್ಪು ಸಿಗದೆ ಬೇರೆ ಕಂಪೆನಿಯದಕ್ಕೆ ಬದಲಾಯಿಸಬೇಕಾಯಿತು. ಅದು ಸತ್ಯ. ಆದರೆ ಆ ಬೆಂಕಿಯನ್ನು ತೋರಿಸಿ ಇವತ್ತೂ ತಮ್ಮ ಹಳೇ ಡಬ್ಬಿಗೆ ಎರಡು ಸಾವಿರ ಏರಿಸೋದು ಬರೀ ವ್ಯಾಪಾರ.

ಅಂಕಿಗಳ ಕ್ಯಾಬರೆ

ಜಾಹೀರಾತು ನೋಡಿದರೆ ತಲೆ ತಿರುಗುತ್ತೆ. 24 ಬಿಟ್, 32 ಬಿಟ್, 192 ಕಿಲೋಹರ್ಟ್ಸ್, 384, 768... ಏನು ಕುಣಿತ, ಏನು ಬೆಳಕು! ಆದರೆ ನಮ್ಮ ಮನೆಯ 140 ತಟ್ಟೆಗಳಲ್ಲಿ ಇರೋದು 16 ಬಿಟ್, 44.1 ಕಿಲೋಹರ್ಟ್ಸ್. ಅದಕ್ಕಿಂತ ಒಂದಂಗುಲ ಹೆಚ್ಚಿಲ್ಲ.

ಈ 44,100 ಬಂದದ್ದಾದರೂ ಎಲ್ಲಿಂದ ಗೊತ್ತಾ? ವಿಡಿಯೋ ಟೇಪಿನಿಂದ! ಆ ಕಾಲದಲ್ಲಿ ಇಷ್ಟೊಂದು ಲೆಕ್ಕವನ್ನು ಬರೆದಿಡಬಲ್ಲ ಅಗ್ಗದ ಯಂತ್ರ ಅಂದ್ರೆ ವಿಡಿಯೋ ರೆಕಾರ್ಡರೇ. ಚಿತ್ರ ಇರಬೇಕಾದ ಕಡೆ ಅಂಕಿಗಳನ್ನು ತುಂಬುತ್ತಿದ್ದರು. ಒಂದು ಗೆರೆಗೆ ಮೂರು ಅಳತೆ, ಒಂದು ಫೀಲ್ಡಿಗೆ 245 ಗೆರೆ, ಸೆಕೆಂಡಿಗೆ 60 ಫೀಲ್ಡು. ಗುಣಿಸಿ ನೋಡಿ, 44,100 ಬರುತ್ತೆ. ಸಿ.ಡಿ.ಯ ಜಾತಕ ಬರೆದದ್ದೂ ಚಿತ್ರದ ಯಂತ್ರವೇ ಅಂತಾಯ್ತು!

ಈ ಲೆಕ್ಕದಿಂದ 22,050 ಹರ್ಟ್ಸ್‌ವರೆಗಿನ ಧ್ವನಿಯನ್ನು ತಿರುಗಿ ಕಟ್ಟಬಹುದು. ಚಿಕ್ಕ ಹುಡುಗರ ಕಿವಿಗೆ ಕೇಳಿಸುವುದೇ ಸುಮಾರು 20,000ದವರೆಗೆ. ವಯಸ್ಸಾದಂತೆ ಅದೂ ಇಳಿಯುತ್ತೆ. ಹೀಗಿರುವಾಗ ನಾನು 768ಕ್ಕೆ ದುಡ್ಡು ಯಾಕೆ ಕೊಡಲಿ? ನನಗೆ ಬೇಕಾಗಿದ್ದು ನಾಲ್ಕೇ ಗುಣ. ಕೋಯಾಕ್ಸಿಯಲ್ ತೂತು ಇರಬೇಕು. ನಮ್ಮ 230 ವೋಲ್ಟಿಗೆ ಹೊಂದಬೇಕು. ಗುಂಯ್ ಅನ್ನಬಾರದು. ಎಡ ಬಲ ಎರಡೂ ಸಮ ಇರಬೇಕು. ಅಷ್ಟೇ.

ಮಲ್ಲೇಶ್ವರದ ಕ್ಲೈಮ್ಯಾಕ್ಸ್

ಮೂರನೆಯ ಫೋನಿಗೆ ಸಿಕ್ಕವರು ಮಲ್ಲೇಶ್ವರದ ಹಿರಿಯರು, ಬ್ಯಾಂಕಿನಿಂದ ನಿವೃತ್ತರು. ಡಬ್ಬಿ ಇಂಗ್ಲೆಂಡಿನ ಕಂಪೆನಿಯದು, ಕೊಂಡು ಒಂಬತ್ತು ವರ್ಷ. ಹೇಳಿದ ಬೆಲೆ 11,000. "ನಮ್ಮ ಪ್ಲೇಯರನ್ನೇ ತಂದು ಹಾಕಿ ನೋಡಬಹುದಾ ಸಾರ್?" ಅಂದೆ. "ಓಹೋ, ಧಾರಾಳವಾಗಿ. ಊಟಕ್ಕೂ ಮೊದಲೇ ಬಾ" ಅಂದರು. ಈ ಒಂದು ಉತ್ತರದಲ್ಲೇ ಅರ್ಧ ವ್ಯಾಪಾರ ಮುಗಿದಿತ್ತು ಅನ್ನಿ. ತೋರಿಸೋಕೆ ಹೆದರದವನ ಹತ್ತಿರ ಮುಚ್ಚಿಡೋದು ಕಮ್ಮಿ ಇರುತ್ತೆ.

ಹೊರಡುವ ಹಿಂದಿನ ರಾತ್ರಿ ಅಪ್ಪ ಕಪಾಟು ತಡವಿ, ಬೆರಳಲ್ಲೇ ಲೆಕ್ಕ ಹಾಕಿ ಮೂರು ತಟ್ಟೆ ತೆಗೆದುಕೊಟ್ಟರು. ಮೊದಲನೆಯದು 'ಬಂಗಾರದ ಮನುಷ್ಯ' (1972). "ಇದು ಮಾನೋ ರೆಕಾರ್ಡಿಂಗು. ಎಡಕ್ಕೂ ಬಲಕ್ಕೂ ಒಂದೇ ಧ್ವನಿ. ಎರಡು ಸ್ಪೀಕರಿನ ನಡುವೆ ಸರಿಯಾಗಿ ಕೂತ್ಕೋ. ಪಿ.ಬಿ. ಶ್ರೀನಿವಾಸ್ ಎಲ್ಲಿ ನಿಂತಿದ್ದಾರೆ ನೋಡು. ನಟ್ಟ ನಡುವೆ ನಿಂತಿರಬೇಕು. ಒಂದು ಗೇಣು ಆ ಕಡೆ ಈ ಕಡೆ ಸರಿದಿದ್ದರೆ ಎಲ್ಲೋ ಒಂದು ಕಡೆ ಶಕ್ತಿ ಕಮ್ಮಿ ಇದೆ ಅಂತ ಅರ್ಥ" ಅಂದರು.

ನೋಡಿ, ಸಾವಿರಾರು ರೂಪಾಯಿಯ ಮೀಟರು ಮಾಡುವ ಕೆಲಸವನ್ನು ನಮ್ಮ ಹಳೇ ಮಾನೋ ಹಾಡು ಬಿಟ್ಟಿ ಮಾಡುತ್ತೆ! ಒಂದೇ ಎಚ್ಚರ. ಕೆಲವು ಸಿ.ಡಿ.ಗಳಲ್ಲಿ ಹಳೇ ಹಾಡಿಗೆ ಕೃತಕ ಸ್ಟೀರಿಯೋ ಬಣ್ಣ ಬಳಿದಿರುತ್ತಾರೆ. ಅಂಥದ್ದು ಈ ಪರೀಕ್ಷೆಗೆ ಬರೋದಿಲ್ಲ. ಬಣ್ಣ ಹಚ್ಚದ್ದನ್ನೇ ಆರಿಸಿಕೊಳ್ಳಿ.

ಪ್ಲೇಯರನ್ನು ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬೆಳಗಿನ ಮೊದಲ ಬಸ್ಸಿಗೆ ಕೂತೆ. ಹಿರಿಯೂರು, ಶಿರಾ, ತುಮಕೂರು... ಸುಮಾರು 200 ಕಿಲೋಮೀಟರ್. ಕಂಡಕ್ಟರ್ "ಕೆಳಗಿಡ್ರೀ" ಅಂದ. "ಮಗು ಕಣ್ರೀ" ಅಂದೆ. ಯಶವಂತಪುರದಲ್ಲಿ ಇಳಿದು ಆಟೋ ಹಿಡಿದೆ.

ಮಲ್ಲೇಶ್ವರದ ಮನೆಯಲ್ಲಿ ಕಾಫಿ ಆಯಿತು. ಕಿತ್ತಳೆ ತೂತಿಗೆ ತಂತಿ ಸಿಕ್ಕಿಸಿದೆ. ಡಬ್ಬಿಯ ಮುಂದೆ 44.1 ಅಂತ ಬರೆದಿದ್ದ ಕಡೆ ಸಣ್ಣ ದೀಪ ಹತ್ತಿತು. ಲೆಕ್ಕ ತಲುಪಿದೆ ಅಂತ ಅರ್ಥ. 'ಬಂಗಾರದ ಮನುಷ್ಯ' ಹಾಕಿ ನಟ್ಟ ನಡುವೆ ಕೂತೆ, ಕಣ್ಣು ಮುಚ್ಚಿದೆ.

ಅಯ್ಯೋ! ಧ್ವನಿ ಎಡಕ್ಕೆ ವಾಲಿದೆ!

ಒಂದು ಗೇಣಲ್ಲ, ಎರಡು ಗೇಣು. ಎದೆ ಧಸಕ್ ಅಂತು. ನಾಲ್ಕು ಗಂಟೆ ಬಸ್ಸು ವ್ಯರ್ಥವೇ? ಹಿರಿಯರ ಮುಖವೂ ಬಿಳಿಚಿಕೊಂಡಿತು. ಆದರೆ ವಾಲಿದ ತಕ್ಷಣ ಡ್ಯಾಕೇ ಕಳ್ಳ ಅಂತ ತೀರ್ಮಾನ ಮಾಡುವ ಹಾಗಿಲ್ಲ. ಡ್ಯಾಕಿನ ಹಿಂದೆ ಎರಡು ತಂತಿ, ಕೆಂಪು ಒಂದು, ಬಿಳಿ ಒಂದು. ಡ್ಯಾಕಿನ ಕಡೆಯಲ್ಲಿ ಮಾತ್ರ ಎರಡನ್ನೂ ಅದಲು ಬದಲು ಮಾಡಿದೆ. ತರ್ಕ ಸುಲಭ. ಡ್ಯಾಕಿನ ಬಲಗಡೆಯೇ ಬಡಕಲಾಗಿದ್ದರೆ ಈಗ ಧ್ವನಿ ಬಲಕ್ಕೆ ವಾಲಬೇಕು. ವಾಲದೆ ಎಡಕ್ಕೇ ನಿಂತರೆ ಕಳ್ಳ ಡ್ಯಾಕಿನಿಂದಾಚೆ ಇದ್ದಾನೆ.

ಮತ್ತೆ ಹಾಡು ಹಾಕಿದೆ. ಎಡಕ್ಕೇ! ಅಬ್ಬಾ, ಉಸಿರು ಬಂತು. ಹುಡುಕಿದರೆ ಕಳ್ಳ ಸಿಕ್ಕ. ಆಂಪ್ಲಿಫೈಯರಿನ ಬ್ಯಾಲೆನ್ಸ್ ಗುಂಡಿ ಒಂದಿಷ್ಟು ತಿರುಗಿತ್ತು. "ನಮ್ಮ ಮೊಮ್ಮಗನ ಕೆಲಸ" ಅಂತ ಹಿರಿಯರು ನಕ್ಕರು. ಗುಂಡಿ ನೆಟ್ಟಗೆ ಮಾಡಿದೆ. ಪಿ.ಬಿ. ಶ್ರೀನಿವಾಸ್ ಮೆಲ್ಲಗೆ ಸರಿದು ಬಂದು ಎರಡು ಸ್ಪೀಕರಿನ ನಟ್ಟ ನಡುವೆ, ಅಲ್ಲಿ ಏನೂ ಇಲ್ಲದ ಗೋಡೆಯ ಮುಂದೆ, ನಿಂತರು. ತಂತಿ ಮೊದಲಿನ ಹಾಗೇ ಮಾಡಿದೆ. ಅಲ್ಲೇ ನಿಂತಿದ್ದರು.

ಎರಡನೆಯ ತಟ್ಟೆ 'ಸಂಪತ್ತಿಗೆ ಸವಾಲ್' (1974). ಅಣ್ಣಾವ್ರು ತಮ್ಮ ಹಾಡುಗಳನ್ನು ಹೆಚ್ಚಾಗಿ ತಾವೇ ಹಾಡತೊಡಗಿದ್ದು ಈ ಚಿತ್ರದಿಂದಾಚೆಗೆ. ಅದೂ ನಡುವೆಯೇ ನಿಂತಿತು. ಮೂರನೆಯದು 'ಪ್ರೇಮಲೋಕ' (1987). ಇದನ್ನು ಕೊಟ್ಟದ್ದು ಡ್ರಮ್ಮು ಬಡಿದಾಗ ಎಲ್ಲಾದರೂ ಒಡೆಯುತ್ತೇನೋ ನೋಡೋದಕ್ಕೆ. ಒಡೆಯಲಿಲ್ಲ.

ಆಮೇಲೆ ಮೌನದ ಪರೀಕ್ಷೆ. ಹಾಡನ್ನು ನಿಲ್ಲಿಸಿ, ಆಂಪ್ಲಿಫೈಯರಿನ ವಾಲ್ಯೂಮು ಏರಿಸಿ, ಸ್ಪೀಕರಿಗೆ ಕಿವಿ ಹಚ್ಚಿದೆ. ಉಸಿರಿನಷ್ಟು ಸುಯ್ ಬಿಟ್ಟರೆ ಏನಿಲ್ಲ. ಹಳೇ ಡಬ್ಬಿಯಲ್ಲಿ ಲೆಕ್ಕ ಹಳತಾಗೋದಿಲ್ಲ ಗೆಳೆಯರೇ, ಹಳತಾಗೋದು ಕರೆಂಟು ಸೋಸುವ ಕೆಪಾಸಿಟರು. ವರ್ಷಗಳು ಕಳೆದಂತೆ ಅದರೊಳಗಿನ ದ್ರವ ಒಣಗುತ್ತೆ, ಕೆಲವು ತಲೆ ಊದಿಕೊಳ್ಳುತ್ತವೆ. ಆಗಲೇ ಗುಂಯ್ ಶುರುವಾಗೋದು. ಹಾಗೇ ಒಂದು ಗಂಟೆ ಓಡಿಸಿ ಬಿಟ್ಟೆವು. ಬಿಸಿಯಾದ ಮೇಲೆ ಹಾಡು ತಪ್ಪುವ ಡಬ್ಬಿಗಳುಂಟು. ಇದರ 44.1 ದೀಪ ಒಮ್ಮೆಯೂ ಮಿನುಗಲಿಲ್ಲ.

ಹಿರಿಯರ ಹತ್ತಿರ ಇನ್ನೊಂದು ಡ್ಯಾಕ್ ಇತ್ತು, ಇದರ ನಾಲ್ಕರಷ್ಟು ಬೆಲೆಯದು. ಹಾಕಿದ ಕೂಡಲೇ "ಆಹಾ!" ಅನ್ನಿಸಿತು. ಅವರು ನಕ್ಕು ವಾಲ್ಯೂಮನ್ನು ಒಂದು ಚೂರು ಇಳಿಸಿದರು. ಆ ಆಹಾ ಮಾಯ! ಸಿ.ಡಿ. ಪ್ಲೇಯರುಗಳ ವಾಡಿಕೆಯ ಔಟ್‌ಪುಟ್ 2 ವೋಲ್ಟು. ಒಂದು ಡಬ್ಬಿ 2.5 ವೋಲ್ಟು ಕೊಟ್ಟರೆ ಸುಮಾರು 2 ಡೆಸಿಬಲ್ ಜೋರಾಗಿ ಕೇಳುತ್ತೆ. ಜೋರಾದದ್ದೆಲ್ಲ ಕಿವಿಗೆ ಒಳ್ಳೆಯದಾಗಿ ಕಾಣುತ್ತೆ. ಸಮ ಮಾಡಿ ಕೇಳಿದಾಗ ನನ್ನ ಕಿವಿಗೆ ಎರಡೂ ಒಂದೇ. "ನನಗೂ ಅಷ್ಟೇ ಕಣಯ್ಯಾ. ಇದನ್ನು ಕೊಂಡದ್ದು ಹುಚ್ಚಿಗೆ" ಅಂದರು ಆ ಪುಣ್ಯಾತ್ಮರು. ಮಾರುವವರ ಬಾಯಲ್ಲಿ ಇಂಥ ಮಾತು ಕೇಳಿದ್ದೀರಾ?

ಚೌಕಾಸಿ ಹೆಚ್ಚು ಆಗಲಿಲ್ಲ. ಅಪ್ಪನ ವಿಷಯ ನಾನಾಗಿ ಹೇಳಿರಲಿಲ್ಲ. ತಟ್ಟೆಗಳ ಡಬ್ಬಿಯ ಮೇಲೆ ಸೂಜಿಯಿಂದ ಚುಚ್ಚಿದ ಚುಕ್ಕಿಗಳನ್ನು ನೋಡಿ ಅವರೇ ಕೇಳಿದರು. ಅಪ್ಪ ಬೆರಳಿನಿಂದ ತಟ್ಟೆ ಗುರುತಿಸೋದಕ್ಕೆ ಮಾಡಿಕೊಂಡ ಚುಕ್ಕಿಗಳು ಅವು. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "9,500 ಕೊಡು. ಅಡಾಪ್ಟರ್ ಒರಿಜಿನಲ್ ಇದೆ, ಅದನ್ನು ಕಳೀಬೇಡ" ಅಂದರು. ಅಡಾಪ್ಟರಿನ ಮೇಲಿನ ಬರಹವನ್ನೂ ಡಬ್ಬಿಯ ಹಿಂದಿನ ಬರಹವನ್ನೂ ತಾಳೆ ನೋಡಿದೆ. ಕೆಲವು ಡ್ಯಾಕುಗಳು ಎ.ಸಿ. ಅಡಾಪ್ಟರ್ ಕೇಳುತ್ತವೆ, ಕೆಲವು ಡಿ.ಸಿ. ತೂತು ಒಂದೇ ಥರ ಇರುತ್ತೆ. ತಪ್ಪಾಗಿ ಸಿಕ್ಕಿಸಿದರೆ ಅಲ್ಲಿಗೆ ಕಥೆ ಸಮಾಪ್ತಿ. ನಮ್ಮದು ತಾಳೆಯಾಯಿತು.

ಮತ್ತೆ ಸಂಜೆ ಆರರ ಆಟ

ಊರಿಗೆ ಬಂದಾಗ ರಾತ್ರಿ ಹತ್ತು. ಅಪ್ಪ ಮಲಗಿರಲಿಲ್ಲ. ತಂತಿ ಸಿಕ್ಕಿಸಿ 'ಬಂಗಾರದ ಮನುಷ್ಯ'ವನ್ನೇ ಹಾಕಿದೆ. ಏನು ಡೈಲಾಗ್ ಹೊಡೆದರು ಅಂತ ಕಾಯುತ್ತಿದ್ದೀರಾ? ಸಿನಿಮಾದಲ್ಲಾಗಿದ್ದರೆ ಕಣ್ಣೀರು ಬಂದು, ವೀಣೆ ನುಡಿದು, ಕ್ಯಾಮೆರಾ ಹತ್ತಿರ ಹೋಗುತ್ತಿತ್ತು. ನಮ್ಮಪ್ಪ ಒಂದು ನಿಮಿಷ ಕೇಳಿ, ತೋರುಬೆರಳನ್ನು ಎರಡು ಸ್ಪೀಕರಿನ ನಡುವಿನ ಗೋಡೆಯ ಕಡೆ ನೆಟ್ಟಗೆ ಚಾಚಿ, "ಮಧ್ಯಕ್ಕೆ ಬಂದ್ರು" ಅಂದರು. ಅಷ್ಟೇ. ಆಮೇಲೆ "ನಾಳೆ ಮೊದಲನೇ ಆಟ 'ಗಂಧದ ಗುಡಿ'. ತಟ್ಟೆ ಎತ್ತಿಡು" ಅಂದರು.

ಡ್ಯಾಕ್ ಮಾಡಿದ್ದು ಇಷ್ಟೇ ಕೆಲಸ. ಹಳೇ ರೆಕಾರ್ಡಿಂಗಿನ ಸುಯ್ ಸದ್ದು ಹಾಗೇ ಇದೆ. ಮೈಕು ಕಿರುಚಿದ ಕಡೆ ಈಗಲೂ ಕಿರುಚುತ್ತೆ. ಪ್ಲೇಯರ್ ಹೊಸದಾಗಿದ್ದಾಗ ಹೇಗಿತ್ತೋ ಹಾಗಾಗಿದೆ, ಅದಕ್ಕಿಂತ ಒಂದು ಗುಲಗಂಜಿ ತೂಕ ಹೆಚ್ಚಿಲ್ಲ. ತಟ್ಟೆಯಲ್ಲಿ ಇಲ್ಲದ ಕೊಳಲನ್ನು ಎಷ್ಟು ಲಕ್ಷದ ಡ್ಯಾಕೂ ಹುಟ್ಟಿಸಲಾರದು. ಒಳ್ಳೆಯ ಡ್ಯಾಕ್ ಅಂದ್ರೆ ತಾನು ಹಾಡದೆ, ಹಾಡುವವರಿಗೆ ಅಡ್ಡ ನಿಲ್ಲದೆ ಪಕ್ಕಕ್ಕೆ ಸರಿಯುವ ಡಬ್ಬಿ. ಒಳ್ಳೆಯ ಆಪರೇಟರ್ ಹಾಗೆ. ಅವನಿದ್ದಾನೆ ಅಂತ ಹಾಲಿನಲ್ಲಿ ಕೂತವರಿಗೆ ಗೊತ್ತೇ ಆಗಬಾರದು.

ನೀವೂ ಹುಡುಕುವುದಾದರೆ ನಾಲ್ಕು ಮಾತು ಕಿವಿಯಲ್ಲಿಟ್ಟುಕೊಳ್ಳಿ. ನಿಮ್ಮ ಹಾಡು ಎಲ್ಲಿಂದ ಬರುತ್ತೆ, ಪ್ಲೇಯರಿನಿಂದಲೋ ಟಿ.ವಿ.ಯಿಂದಲೋ ಫೋನಿನಿಂದಲೋ, ಆ ತೂತು ಡಬ್ಬಿಯಲ್ಲಿದೆಯೇ ಅಂತ ಮೊದಲು ನೋಡಿ. ಕಂಪ್ಯೂಟರಿಗೆ ಹಾಕುವವರು ಯು.ಎಸ್.ಬಿ. ಬಗ್ಗೆ ಎಚ್ಚರ ವಹಿಸಿ. ತುಂಬಾ ಹಳೆಯ ಡ್ಯಾಕುಗಳ ಯು.ಎಸ್.ಬಿ. 48 ಅಥವಾ 96 ಕಿಲೋಹರ್ಟ್ಸಿಗೇ ನಿಂತುಬಿಡುತ್ತೆ. ಕೆಲವಕ್ಕೆ ತಯಾರಕರ ಡ್ರೈವರ್ ಬೇಕು, ಆ ಕಂಪೆನಿಯೇ ಮುಚ್ಚಿದ್ದರೆ ಡ್ರೈವರ್ ಎಲ್ಲಿಂದ ಬರುತ್ತೆ? ಹಿಂದುಗಡೆ ಎಷ್ಟು ವೋಲ್ಟು ಅಂತ ಬರೆದಿದೆ ಓದದೆ ಪ್ಲಗ್ ಸಿಕ್ಕಿಸಬೇಡಿ. ಕಿರೀಟ, ಬೆಂಕಿ, 768 ಇವ್ಯಾವುದಕ್ಕೂ ದುಡ್ಡು ಕೊಡಬೇಡಿ. ಮುಖ್ಯವಾಗಿ, ಓಡಿಸಿ ತೋರಿಸದವರ ಹತ್ತಿರ ಕೊಳ್ಳಲೇಬೇಡಿ. ಹೋಗುವಾಗ ನಿಮಗೆ ಉಸಿರು ಉಸಿರೂ ಗೊತ್ತಿರುವ ಒಂದು ಹಳೇ ಮಾನೋ ಹಾಡನ್ನು ಜೊತೆಗೆ ಒಯ್ಯಿರಿ. ನಟ್ಟ ನಡುವೆ ಕೂತು ಕೇಳಿ.

ನಮ್ಮ ಮನೆಯಲ್ಲಿ ಈಗ ಸಂಜೆ ಆರಕ್ಕೆ ಆಟ ತಪ್ಪದೆ ನಡೆಯುತ್ತಿದೆ. 140ರಲ್ಲಿ 61ನೆಯ ತಟ್ಟೆಗೆ ಬಂದಿದ್ದೇವೆ. ಚಿತ್ರದುರ್ಗದ ಕಡೆ ಬಂದರೆ ಬನ್ನಿ. ಟಿಕೆಟ್ ಇಲ್ಲ. ಆದರೆ ರೀಲು ಬದಲಾಗುವಾಗ ಮಾತಾಡಿದರೆ ಆಪರೇಟರ್ ಬೈತಾರೆ, ಈಗಲೇ ಹೇಳಿದ್ದೇನೆ!